ಕೆಂಚಿಯ ಬಾಲ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಏನು ಮಹಾ, ಎರಡು ಹುಣಸೆ ಮರ, ಒಂದು ಹಂಚಿನ ಪಡಸಾಲೆ, ಒಂದು ಅಡುಗೆಮನೆ, ಒಂದು ಕುದುರೆ ಲಾಯ. ಅಷ್ಟೇ.

ಅಲ್ಲಿ ನಿರುಪಾದಜ್ಜ ಎಂಬ ಗುರುಗಳಿದ್ದರು. ವಯಸ್ಸು ಎಂಬತ್ತು ದಾಟಿತ್ತು. ತಲೆ ಪೂರ್ತಿ ಬೋಳು, ಬಾಯಲ್ಲಿ ನಾಲ್ಕೇ ಹಲ್ಲು. ನಗು ಮಾತ್ರ ಬಾಯಿ ತುಂಬಾ.

ಅವರ ಶಿಷ್ಯ ಮಹಾರುದ್ರಯ್ಯ, ನಲವತ್ತರ ಗಂಡಸು. ಸೇವೆ ಅಂದರೆ ಪ್ರಾಣ ಬಿಡುವವನು. ಅಜ್ಜ ಕೆಮ್ಮಿದರೆ ಕಷಾಯ ತಂದ, ಸೀನಿದರೆ ಶಾಲು ಹೊದಿಸಿದ. ಅಜ್ಜ ಸುಮ್ಮನೆ ಕೂತರೂ ಬಿಡುವವನಲ್ಲ. "ಯಾಕ್ರೀ ಅಜ್ಜಾರ, ಮೈಯಾಗ ಆರಾಮ ಇಲ್ಲೇನ್ರಿ?" ಅಂತ ಹತ್ತು ಸಲ ಕೇಳುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ. ಅಜ್ಜನಿಂದ ಉಪದೇಶ ಆಗಬೇಕು.

ವರ್ಷಕ್ಕೊಮ್ಮೆ, ಅಕ್ಷಯ ತದಿಗೆಯ ಬೆಳಿಗ್ಗೆ, ಅಜ್ಜ ಶಿಷ್ಯರಲ್ಲಿ ಮೂರೋ ನಾಲ್ಕೋ ಜನರನ್ನು ಹತ್ತಿರ ಕೂರಿಸಿಕೊಂಡು ಕಿವಿಯಲ್ಲಿ ಮಂತ್ರ ಹೇಳುತ್ತಿದ್ದರು. ಆ ಹೊತ್ತು ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಮಹಾರುದ್ರಯ್ಯ ಎರಡು ವರ್ಷ ಆಸೆಯಿಂದ ಹೋಗಿ ನಿಂತಿದ್ದ. ಎರಡೂ ಸಲ ಅಜ್ಜ ಅವನ ಬೆನ್ನು ತಟ್ಟಿ, "ನಿಂದು ಇನ್ನ ಸ್ವಲ್ಪ ತಡೀಲಿ" ಅಂದು ಕಳಿಸಿದ್ದರು.

ಮೂರನೆಯ ಬೇಸಿಗೆ ಬಂತು. ಮಾವಿನ ಹಣ್ಣು ಬಂದವು, ಅವುಗಳ ಬೆನ್ನಿಗೇ ನೊಣಗಳು ಬಂದವು. ಅಬ್ಬಬ್ಬಾ, ಒಂದೇ ಎರಡೇ! ಸಂಜೆ ಅಜ್ಜ ಪಡಸಾಲೆಯಲ್ಲಿ ಮಾತಾಡಲು ಕೂತರೆ ಅವರ ಬೋಳು ತಲೆಯ ಮೇಲೆ ನೊಣಗಳ ಸಂತೆ ನೆರೆಯುತ್ತಿತ್ತು.

ಅಜ್ಜ ಕೈ ಕೂಡ ಎತ್ತುತ್ತಿರಲಿಲ್ಲ. ಸಂಕಟವೆಲ್ಲ ಮಹಾರುದ್ರಯ್ಯನಿಗೆ.

ದೊಡ್ಡ ಮಠಗಳಲ್ಲಿ ಗುರುಗಳ ಪಕ್ಕ ನಿಂತು ಚಾಮರ ಬೀಸುವುದನ್ನು ಅವನು ನೋಡಿದ್ದ. ಬೆಳ್ಳನೆಯ ಕೂದಲಿನ ಉದ್ದ ಕುಚ್ಚು, ಕೆತ್ತನೆಯ ಹಿಡಿಕೆ. ನಮ್ಮ ಅಜ್ಜನಿಗೇನು ಕಡಿಮೆ ಅನ್ನಿಸಿತು. ಅನ್ನಿಸಿದ್ದೇ ತಡ, ಕತ್ತರಿ ಹಿಡಿದು ಲಾಯಕ್ಕೆ ನಡೆದ.

ಲಾಯದಲ್ಲಿ ಎರಡು ಕುದುರೆ. ಕೆಂಚಿ ಹೆಣ್ಣು, ಬೂದ್ಯಾ ಗಂಡು. ಒಂದು ಕಾಲಕ್ಕೆ ಎರಡೂ ಹುಸೇನ್‌ಸಾಬನ ಜಟಕಾ ಎಳೆದವು. ಊರಿಗೆ ಆಟೋ ಬಂದ ಮೇಲೆ ಜಟಕಾ ಹತ್ತುವವರಿಲ್ಲದೆ ಹುಸೇನ್‌ಸಾಬ ಎರಡನ್ನೂ ತಂದು ಅಜ್ಜನ ಹತ್ತಿರ ಬಿಟ್ಟಿದ್ದ. ವಾರಕ್ಕೊಮ್ಮೆ ಬಂದು ಮೈ ಸವರಿ, ಎರಡು ಮಾತಾಡಿ ಹೋಗುತ್ತಿದ್ದ.

ಲಾಯ ನೋಡಿಕೊಳ್ಳುವವನು ಮಹಾರುದ್ರಯ್ಯನೇ. ಬಲು ಶಿಸ್ತಿನ ಮನುಷ್ಯ. ಒಂದರ ಹುಲ್ಲಿಗೆ ಇನ್ನೊಂದು ಬಾಯಿ ಹಾಕಬಾರದು ಅಂತ ಎರಡರ ನಡುವೆ ಬಿದಿರಿನ ತಡಿಕೆ ಕಟ್ಟಿದ್ದ. ಇತ್ತ ಕೆಂಚಿ, ಅತ್ತ ಬೂದ್ಯಾ.

ಕೆಂಚಿಯ ಮೈ ಕೆಂಪು, ಬಾಲ ಮಾತ್ರ ಬೆಳ್ಳಗೆ, ನೆಲ ಮುಟ್ಟುವಷ್ಟು ಉದ್ದ.

"ಕೆಂಚವ್ವಾ, ಗುರುಸೇವಾಕ್ಕ ಬೇಕಾಗೈತಿ. ಕೊಡ್ತೀಯಿಲ್ಲ?" ಅಂತ ಕೇಳಿದ.

ಕೆಂಚಿ ಹುಲ್ಲು ಮೆಲ್ಲುತ್ತಾ ತಲೆ ಆಡಿಸಿತು. ಅದನ್ನೇ ಒಪ್ಪಿಗೆ ಅಂದುಕೊಂಡ ಪುಣ್ಯಾತ್ಮ, ಬಾಲದ ಕೂದಲನ್ನು ಬುಡದವರೆಗೆ ಕಚಕಚನೆ ಕತ್ತರಿಸಿದ.

ಮೂರು ದಿನದಲ್ಲಿ ಚಾಮರ ಸಿದ್ಧವಾಯಿತು. ಬಡಿಗೇರನ ಕೈಯಲ್ಲಿ ಹಿಡಿಕೆ ಮಾಡಿಸಿದ. ಕೂದಲನ್ನು ಸೀಗೆಪುಡಿಯಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೆಂಪು ದಾರದಲ್ಲಿ ಬಿಗಿದ. ಸಂಜೆ ಜನ ಕೂಡಿದಾಗ ಅಜ್ಜನ ಹಿಂದೆ ನಿಂತು ಬಲು ಠೀವಿಯಿಂದ ಒಂದು ಸಲ ಬೀಸಿದ.

ನೊಣಗಳು ಎದ್ದು ಹಾರಿದವು. ಕೂತ ಜನ "ಆಹಾ!" ಅಂದರು.

ಅಜ್ಜ ತಿರುಗಿ ನೋಡಿದರು. "ಏನಪಾ ಇದು?"

"ಚಾಮರ ರೀ ಅಜ್ಜಾರ."

"ಚಲೋ ಐತಿ. ಗಾಳಿ ತಣ್ಣಗ ಬರ್ತೈತಿ. ಎಲ್ಲಿಂದ ತರಿಸಿದಿ?"

"ತರಿಸಿಲ್ರಿ. ನಾನ ಮಾಡೀನಿ."

"ಕೂದಲ ಎಲ್ಲೀವು?"

"ಕೆಂಚಿ ಬಾಲದ್ದು ರೀ."

ಅಜ್ಜ ನಗಲು ಶುರು ಮಾಡಿದರು. ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬಂತು, ಪಕ್ಕದ ಕಂಬ ಹಿಡಿದುಕೊಂಡರು. ಯಾಕೆ ಅಂತ ಗೊತ್ತಿಲ್ಲದೆ ಜನರೂ ನಕ್ಕರು. ಮಹಾರುದ್ರಯ್ಯನೂ ನಕ್ಕ. ಅಜ್ಜಾರು ಮೆಚ್ಚಿದರು ಅಂದುಕೊಂಡ, ಪಾಪ.

"ನಡಿ," ಅಂದರು ಅಜ್ಜ, ಕಣ್ಣು ಒರೆಸಿಕೊಳ್ಳುತ್ತಾ. "ಚಾಮರ ತಗೊಂಡು ನನ್ನ ಹಿಂದ ಬಾ."

ಲಾಯದಲ್ಲಿ ಕೆಂಚಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಾಲು ಅಪ್ಪಳಿಸುತ್ತಿತ್ತು, ಮೈ ನಡುಗಿಸುತ್ತಿತ್ತು, ತಲೆ ಕೊಡವುತ್ತಿತ್ತು. ಕೂದಲಿಲ್ಲದ ಗಿಡ್ಡ ಬಾಲ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿತ್ತು. ಹೊಟ್ಟೆಯ ಮೇಲೆ, ಕುತ್ತಿಗೆಯ ಮೇಲೆ, ಕಣ್ಣಿನ ಸುತ್ತ ನೊಣಗಳು ಕವಿದಿದ್ದವು. ಬಾಲ ಒಂದು ನೊಣಕ್ಕೂ ತಾಗುತ್ತಿರಲಿಲ್ಲ.

"ಏನು ಮಾಡಾಕತ್ತಾಳ ಅಕಿ?" ಅಜ್ಜ ಕೇಳಿದರು.

"ಬಾಲ ಬೀಸಾಕತ್ತೈತ್ರಿ."

"ಬಾಲ ಎಲ್ಲೈತಿ?"

ಮಹಾರುದ್ರಯ್ಯ ತನ್ನ ಕೈ ನೋಡಿಕೊಂಡ. ಅವನ ಮುಖ ಕಪ್ಪಿಟ್ಟಿತು.

"ಅಜ್ಜಾರ, ನಾ ನಿಮ್ಮ ಮ್ಯಾಲಿನ ಭಕ್ತಿಗೆ..."

"ಗೊತ್ತೈತಪಾ. ನನ್ನ ತಲಿ ಮ್ಯಾಲಿನ ನೊಣಾ ನಿನಗ ಕಂಡ್ವು, ಅಕಿ ಮೈ ಮ್ಯಾಲಿನವು ಕಾಣಲಿಲ್ಲ. ಇರ್ಲಿ, ಆದದ್ದಾತು. ಈಗ ಬೀಸು."

"ಯಾರಿಗೆ ರೀ?"

"ಯಾರದು ಐತಿ ಅವರಿಗೆ."

"ಎಷ್ಟೊತ್ತು ಬೀಸಬೇಕ್ರಿ?"

"ಬಾಲ ಬರೂತನಕ."

"ಬಾಲ ಬರಾಕ ಎಷ್ಟು ದಿನಾ ಬೇಕಾಗ್ತೈತ್ರಿ ಅಜ್ಜಾರ?"

"ಅದನ್ನ ನನ್ನ ಯಾಕ ಕೇಳ್ತಿ, ಬಾಲಾನ ಕೇಳು," ಅಂದು ಅಜ್ಜ ನಗುತ್ತಾ ಹೊರಟೇ ಹೋದರು.

ಮರುದಿನದಿಂದ ಮಹಾರುದ್ರಯ್ಯ ಲಾಯದಲ್ಲಿ ನಿಂತ. ಬೆಳಗಿನಿಂದ ಬೀಸಿದ, ಮಧ್ಯಾಹ್ನ ಬೀಸಿದ. ಹೊಟ್ಟೆಯ ಮೇಲಿನವು ಎದ್ದರೆ ಬೆನ್ನಿಗೆ ಕೂತವು, ಬೆನ್ನಿನವು ಎದ್ದರೆ ಕಣ್ಣಿಗೆ ಕೂತವು.

ಅಡುಗೆಯ ಸಂಕವ್ವ ರೊಟ್ಟಿಯ ತಾಟು ಹಿಡಿದು ಬಂದವಳು ಬಾಗಿಲಲ್ಲೇ ನಿಂತು ನಕ್ಕಳು. "ಏನ್ರೀ ಅಯ್ಯಾರ, ಕುದುರಿ ಸ್ವಾಮಿಗಳು ಆಶೀರ್ವಾದ ಏನರ ಮಾಡಿದ್ರೋ ಇಲ್ಲೋ?"

"ಒದ್ದು ಆಶೀರ್ವಾದ ಮಾಡೈತವ್ವಾ," ಅಂದ ಅವನು ಮೊಣಕಾಲು ಉಜ್ಜಿಕೊಳ್ಳುತ್ತಾ.

ಎರಡು ದಿನಕ್ಕೇ ತೋಳು ಬಿದ್ದುಹೋಯಿತು. ಬೇರೆ ಉಪಾಯ ಹುಡುಕಿದ. ಬೇವಿನ ಸೊಪ್ಪು ರಾಶಿ ಹಾಕಿ ಹೊಗೆ ಎಬ್ಬಿಸಿದ. ನೊಣಗಳು ಒಂದೂ ಉಳಿಯದೆ ಎದ್ದವು. ಮಹಾರುದ್ರಯ್ಯ ಖುಷಿಯಿಂದ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಅಡುಗೆಮನೆಯಿಂದ ಸಂಕವ್ವ ಸೌಟು ಹಿಡಿದು ಓಡಿ ಬಂದಳು.

"ಯಾವಂವ ಅಂವ ಹೊಗಿ ಹಾಕಿದಂವ? ಊರ ನೊಣಾ ಎಲ್ಲಾ ನನ್ನ ಸಾರಿನ್ಯಾಗ ಬಿದ್ದಾವ!"

ಅಜ್ಜ ಆ ದಿನ ಸಾರು ಬಿಟ್ಟು ಮಜ್ಜಿಗೆಯಲ್ಲಿ ಉಂಡರು. ಉಂಡು ಲಾಯಕ್ಕೆ ಬಂದರು.

"ಹೊಗಿ ಹಾಕಿ ನೊಣಾ ಓಡಿಸಿದಿ?"

"ಹೌದ್ರಿ ಅಜ್ಜಾರ."

"ಎಲ್ಲಿ ಹೋದ್ವು?"

"ಅಡಗಿ ಮನಿಗೆ ರೀ."

"ಹಂಗಂದ್ರ ಓಡಿಸಿಲ್ಲ. ದಾರಿ ತೋರಿಸಿದಿ."

ಮಹಾರುದ್ರಯ್ಯ ಇನ್ನೊಂದು ಉಪಾಯ ಮಾಡಿದ. ಹೊಂಗೆ ಎಣ್ಣೆ ತಂದು ಕೆಂಚಿಯ ಮೈಗೆಲ್ಲ ತಿಕ್ಕಿದ. ಇದು ನಿಜಕ್ಕೂ ಕೆಲಸ ಮಾಡಿತು. ಆ ಕಹಿ ವಾಸನೆಗೆ ನೊಣ ಹತ್ತಿರ ಸುಳಿಯಲಿಲ್ಲ. ಲದ್ದಿಯನ್ನು ದಿನಕ್ಕೆರಡು ಸಲ ಬಳಿದು ದೂರದ ಹೊಲಕ್ಕೆ ಹಾಕಿ ಬಂದ. ನೊಣ ಅರ್ಧಕ್ಕರ್ಧ ಇಳಿದವು.

"ಭೇಷ್," ಅಂದರು ಅಜ್ಜ. "ಎಣ್ಣಿ ಚಲೋ. ಕಣ್ಣಿಗೂ ಹಚ್ತೀಯೇನು?"

"ಕಣ್ಣಿಗೆ ಹೆಂಗ ಹಚ್ಚೂದ್ರಿ? ಉರಿ ಏಳ್ತೈತಿ."

"ಅದು ನೊಣಕ್ಕ ಗೊತ್ತೈತಿ ನೋಡು."

ಹೌದು. ಮೈಯ ಮೇಲಿನವು ಹೋಗಿದ್ದವು. ಕಣ್ಣಿನ ಸುತ್ತಲಿನವು ಅಲ್ಲೇ ಇದ್ದವು, ಕೊನೆಗೆ ಕೂರಲು ಉಳಿದ ಜಾಗ ಅದೊಂದೇ.

ವಾರ ತುಂಬಿತು, ಹುಸೇನ್‌ಸಾಬ ಬಂದ. ಕೆಂಚಿಯನ್ನು ಹಿಂದಿನಿಂದ ನೋಡಿದ. ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ.

"ಇದೇನು ಮಾಡಿಟ್ರಿ ಅಯ್ಯಾರ?"

ಮಹಾರುದ್ರಯ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದು ಅಕ್ಷರ ಮುಚ್ಚಿಡಲಿಲ್ಲ.

"ಹದಿನೆಂಟು ವರ್ಷ ಗಾಡಿ ಹೂಡೀನಿ," ಅಂದ ಹುಸೇನ್‌ಸಾಬ. "ಒಂದ್ ದಿನಾ ಈ ಬಾಲಕ್ಕ ಕತ್ತರಿ ಮುಟ್ಟಿಸಿಲ್ಲ. ಬಾಲ ಕುದುರಿದು ಕೈ ಇದ್ದಂಗ ರೀ."

ಅವನು ಎದ್ದು ಕೆಂಚಿಯ ಮುಖ ಹಿಡಿದ. ಎಡಗಣ್ಣು ಕೆಂಪಾಗಿ ಊದಿತ್ತು. ಮೂಲೆಯಲ್ಲಿ ಕೀವು ಕಟ್ಟಿತ್ತು. ಹುಸೇನ್‌ಸಾಬ ಹೊರಗೆ ಹೋಗಿ, ಮಧ್ಯಾಹ್ನದೊಳಗೆ ತಾಲ್ಲೂಕಿನಿಂದ ದನದ ಡಾಕ್ಟರನ್ನು ಕರೆತಂದ.

ಡಾಕ್ಟರ್ ಕಣ್ಣು ತೊಳೆದರು, ಹನಿ ಹಾಕುವ ಔಷಧಿ ಕೊಟ್ಟರು. "ಹತ್ತು ದಿನ ಈ ಕಣ್ಣ ಮೇಲೆ ನೊಣ ಕೂರಬಾರದು. ಕೂರದಿದ್ದರೆ ಕಣ್ಣು ಉಳಿಯುತ್ತದೆ. ಕೂತರೆ ಒಳಗೆ ಹುಳ ಆಗುತ್ತದೆ, ಆಮೇಲೆ ನನ್ನ ಕೈಯಲ್ಲೂ ಏನಿಲ್ಲ," ಅಂದರು.

ಬಟ್ಟೆ ಕಟ್ಟಿ ನೋಡಿದರು. ಕೆಂಚಿ ಕಂಬಕ್ಕೆ ಮುಖ ತಿಕ್ಕಿ ಬಟ್ಟೆ ಕಿತ್ತು ಹಾಕಿತು. ಮತ್ತೆ ಕಟ್ಟಿದರೆ ಕಣ್ಣಿಗೇ ಪೆಟ್ಟು ಬೀಳುವಂತಿತ್ತು.

ಮಹಾರುದ್ರಯ್ಯ ಹುಸೇನ್‌ಸಾಬನ ಕೈ ಹಿಡಿದುಕೊಂಡ. "ಸಾಬರ, ಕಣ್ಣು ಹೋಗಾಕ ಬಿಡೂದಿಲ್ಲ."

"ಬಿಡಬ್ಯಾಡ್ರಿ ಅಯ್ಯಾರ. ಅಕಿ ನನ್ನ ಮನಿ ಮಗಳು."

ಅಲ್ಲಿಂದ ಮುಂದೆ ನೋಡಬೇಕಿತ್ತು ಅವನನ್ನು. ಹೊತ್ತು ಹುಟ್ಟುವ ಮೊದಲೇ ಕೆಂಚಿಯ ಮುಂದೆ ಹಾಜರು. ನಿಂತೇ ಉಂಡ, ಎಡಗೈಲಿ ರೊಟ್ಟಿ, ಬಲಗೈಲಿ ಚಾಮರ. ಬಲಗೈ ಸೋತರೆ ಎಡಗೈ. ಹೊತ್ತು ಮುಳುಗಿದ ಮೇಲೆ ನೊಣಗಳಿಗೂ ರಜಾ, ಅವನಿಗೂ ರಜಾ. ಉಳಿದ ಹೊಂಗೆ ಎಣ್ಣೆಯನ್ನು ತನ್ನ ಭುಜಕ್ಕೆ ತಿಕ್ಕಿಕೊಂಡು ಮಲಗಿದ.

ಮೊದಲೆರಡು ದಿನ ಅಜ್ಜನ ಮೇಲೆ ಒಳಗೊಳಗೇ ಮುನಿಸಿತ್ತು. ನಾಲ್ಕನೆಯ ದಿನ ಮುನಿಸು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ನೊಣ ಯಾವ ಕಡೆಯಿಂದ ಬರುತ್ತದೆ ಅಂತ ಕೆಂಚಿಯ ಕಿವಿ ಮೊದಲೇ ಹೇಳುತ್ತದೆ ಎಂಬುದನ್ನು ಕಂಡುಕೊಂಡ. ಕಿವಿ ತಿರುಗಿದ ಕಡೆ ಚಾಮರ ತಿರುಗಿಸಿದ. ಆರನೆಯ ದಿನಕ್ಕೆ ಊತ ಇಳಿಯಿತು. ಕೆಂಚಿ ಮೊದಲ ಸಲ ಅವನ ಭುಜದ ಮೇಲೆ ಗದ್ದ ಊರಿ ನಿದ್ದೆ ಹೋಯಿತು. ಅವನಿಗೆ ಕಣ್ಣು ತುಂಬಿ ಬಂತು. ಭುಜ ಅಲುಗದ ಹಾಗೆ ಮೊಣಕೈಯಷ್ಟನ್ನೇ ಆಡಿಸಿ ಬೀಸಿದ.

ಎಂಟನೆಯ ದಿನ ಸಂಕವ್ವ ಓಡೋಡಿ ಬಂದಳು.

"ಅಯ್ಯಾರ, ಬಾಯಿ ಸಿಹಿ ಮಾಡ್ರಿ! ನಾಡಿದ್ದು ಅಕ್ಷಯ ತದಿಗಿ. ಮುಂಜಾನಿ ಜಳಕಾ ಮಾಡಿ ಬಂದು ಸಾಲಿನ್ಯಾಗ ಕೂಡು ಅಂತ ಹೇಳ್ಯಾರ ಅಜ್ಜಾರು. ಈ ಸಲ ನಿಮ್ಮ ಪಾಳಿ!"

ಮಹಾರುದ್ರಯ್ಯ ಕುಣಿದುಬಿಟ್ಟ. ನಲವತ್ತು ವರ್ಷದ ಗಂಡಸು, ಲಾಯದಲ್ಲಿ, ಚಾಮರ ಹಿಡಿದು. ಕೆಂಚಿ ಕಣ್ಣರಳಿಸಿ ನೋಡಿತು. ಆ ಕಣ್ಣು ನೋಡಿದ್ದೇ ಅವನ ಕುಣಿತ ನಿಂತಿತು. ತದಿಗೆ ಅಂದರೆ ಹತ್ತನೆಯ ದಿನ. ಅವತ್ತು ಇಲ್ಲಿ ಬೀಸುವವರು ಯಾರು?

ಹುಸೇನ್‌ಸಾಬ ತಂಗಿಯ ಮಗಳ ಮದುವೆಗೆ ಹೋಗಿದ್ದ, ತದಿಗೆಯ ಮಧ್ಯಾಹ್ನಕ್ಕೇ ಬರುವವನು. ಸಂಕವ್ವನಿಗೆ ಐನೂರು ಜನರ ಅಡುಗೆ. ಉಳಿದ ಶಿಷ್ಯರಿಗೆಲ್ಲ ಬಂದ ಜನರನ್ನು ನೋಡಿಕೊಳ್ಳುವ ಕೆಲಸ. ಕತ್ತಲಾದ ಮೇಲೆ ಅಜ್ಜನ ಹತ್ತಿರ ಹೋದ.

"ಅಜ್ಜಾರ, ತದಿಗಿ ದಿನಾ ಕೆಂಚಿ ಹತ್ರ ಯಾರ್ನ ನಿಲ್ಲಿಸಲ್ರಿ?"

"ನನ್ನ ಕೇಳಿದ್ರ ಹೆಂಗಪಾ? ನನಗೂ ಬಾಲ ಇಲ್ಲ."

ಒಂಬತ್ತನೆಯ ದಿನ ಮಧ್ಯಾಹ್ನ ಸುಡುಬಿಸಿಲು. ಮಹಾರುದ್ರಯ್ಯ ನಿಂತಲ್ಲೇ ತೂಕಡಿಸುತ್ತಿದ್ದ. ಒಮ್ಮೆಲೇ ಲಟಲಟ ಅಂತ ಸದ್ದಾಯಿತು. ತಡಿಕೆಯ ಆಚೆಗಿದ್ದ ಬೂದ್ಯಾ ಎದೆ ಕೊಟ್ಟು ತಡಿಕೆ ನೂಕುತ್ತಿತ್ತು.

"ಏಯ್! ಬೂದ್ಯಾ! ಹಿಂದ ಸರಿ!"

ಎಲ್ಲಿಯ ಹಿಂದೆ! ತಡಿಕೆ ಮುರಿದು ಬಿತ್ತು. ಬೂದ್ಯಾ ಬಿದಿರು ತುಳಿದುಕೊಂಡು ಬಂತು. ಹುಲ್ಲಿಗೆ ಬಂತು ಅಂದುಕೊಂಡ ಮಹಾರುದ್ರಯ್ಯ ಹುಲ್ಲಿನ ಮುಂದೆ ಕೈ ಅಡ್ಡ ಹಿಡಿದು ನಿಂತ. ಬೂದ್ಯಾ ಹುಲ್ಲನ್ನು ತಿರುಗಿಯೂ ನೋಡಲಿಲ್ಲ. ನೇರ ಕೆಂಚಿಯ ಪಕ್ಕಕ್ಕೆ ಹೋಯಿತು. ಮೈಗೆ ಮೈ ತಾಗಿಸಿ, ಮುಖ ವಿರುದ್ಧ ದಿಕ್ಕಿಗೆ ಮಾಡಿ ನಿಂತಿತು. ಈಗ ಬೂದ್ಯಾನ ಬಾಲ ಕೆಂಚಿಯ ಮುಖದ ಮುಂದಿತ್ತು.

ಬಾಲ ಬೀಸಿತು. ಕೆಂಚಿಯ ಕಣ್ಣಿನ ನೊಣ ಹಾರಿದವು. ಮತ್ತೊಮ್ಮೆ ಬೀಸಿತು. ಕೆಂಚಿ ನೆಮ್ಮದಿಯಿಂದ ಉಸಿರು ಬಿಟ್ಟಿತು.

ಮಹಾರುದ್ರಯ್ಯ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಪಡಸಾಲೆಗೆ ಓಡಿದ.

"ಅಜ್ಜಾರ! ಅಜ್ಜಾರ! ಬೂದ್ಯಾ ಬೀಸಾಕತ್ತಾನ್ರಿ! ಅಕಿ ಮುಖಕ್ಕ ಅಂವ ಬೀಸಾಕತ್ತಾನ!"

"ಬೀಸ್ತಾನ ಮತ್ತ. ಬ್ಯಾಸಗ್ಯಾಗ ಕುದುರಿ ನಿಂದರೂದ ಹಂಗ. ಇದರ ಬಾಲ ಅದರ ಮುಖಕ್ಕ, ಅದರ ಬಾಲ ಇದರ ಮುಖಕ್ಕ."

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ರಿ? ನನ್ನ ತೋಳು ನೋಡ್ರಿ, ಹೆಂಗಾಗ್ಯಾವ!"

"ನೀ ಕಟ್ಟಿದ ತಡಿಕಿ ಭಾಳ ಚೆಂದ ಇತ್ತಪಾ. ಬಿಚ್ಚು ಅನ್ನಾಕ ಮನಸ್ಸು ಬರಲಿಲ್ಲ."

ಮಹಾರುದ್ರಯ್ಯ ತಲೆ ಕೆರೆದುಕೊಂಡ, ನಕ್ಕ. ಹೋಗಿ ಉಳಿದ ತಡಿಕೆಯನ್ನೂ ಕಿತ್ತು ಒಲೆಗೆ ಆಗಲಿ ಅಂತ ಸಂಕವ್ವನಿಗೆ ಕೊಟ್ಟ. ಕೆಂಚಿಯ ಚಿಂತೆ ಕಳೆಯಿತು. ನಾಳೆ ನಿಶ್ಚಿಂತೆಯಿಂದ ಸಾಲಿನಲ್ಲಿ ಕೂರಬಹುದು. ಇಂಥ ಒಳ್ಳೆಯ ದಿನ ತನ್ನ ಬಾಳಿನಲ್ಲೇ ಬಂದಿಲ್ಲ ಅನ್ನಿಸಿತು.

ತದಿಗೆಯ ಬೆಳಿಗ್ಗೆ ಹೊಳೆಯಲ್ಲಿ ಮುಳುಗೆದ್ದು, ವಿಭೂತಿ ಧರಿಸಿ, ಮಡಿ ಪಂಚೆ ಉಟ್ಟು ಬಂದ. ದಾರಿಯಲ್ಲಿ ಲಾಯಕ್ಕೆ ಇಣುಕಿದ. ಬೂದ್ಯಾ ಬೀಸುತ್ತಿತ್ತು. ಕೆಂಚಿಯ ಕಣ್ಣು ತಿಳಿಯಾಗಿತ್ತು. ಕೈ ಮುಗಿದು ಪಡಸಾಲೆಗೆ ಹೋಗಿ ಸಾಲಿನಲ್ಲಿ ಕೂತ. ಅವನ ಮುಂದೆ ಇಬ್ಬರು.

ಮೊದಲಿನವನು ಅಜ್ಜನ ಹತ್ತಿರ ಸರಿದ. ಅಜ್ಜ ಬಾಗಿ ಕಿವಿಯಲ್ಲಿ ಹೇಳತೊಡಗಿದರು.

ಪಡಸಾಲೆಯ ಕಂಬಗಳ ನಡುವೆ ಲಾಯ ಕಾಣುತ್ತಿತ್ತು. ನೋಡಬಾರದು ಅಂದುಕೊಂಡರೂ ಕಣ್ಣು ಹೋಯಿತು. ಬೂದ್ಯಾ ತಲೆ ಕೊಡವುತ್ತಿತ್ತು. ನಿನ್ನೆಯೇ ಯಾಕೆ ಹೊಳೆಯಲಿಲ್ಲವೋ! ಬೂದ್ಯಾನ ಮುಖ ಇದ್ದದ್ದು ಕೆಂಚಿಯ ಹಿಂಬದಿಗೆ. ಅಲ್ಲಿ ಬೀಸಬೇಕಾದ ಬಾಲ ಬೋಳು. ಬೂದ್ಯಾನ ಮೂಗು, ಹಣೆ, ಎರಡು ಕಣ್ಣು, ಎಲ್ಲಾ ಕಡೆ ನೊಣ ಕಪ್ಪಗೆ ಕವಿದಿದ್ದವು.

ತಡೆಯಲಾಗದೆ ಬೂದ್ಯಾ ನಾಲ್ಕು ಹೆಜ್ಜೆ ಓಡಿ ಮುಖವನ್ನು ಕಂಬಕ್ಕೆ ತಿಕ್ಕಿಕೊಂಡಿತು. ಅಷ್ಟು ಹೊತ್ತಿಗೆ ಕೆಂಚಿಯ ಕಣ್ಣಿಗೆ ನೊಣ ಇಳಿದವು. ಬೂದ್ಯಾ ತಿರುಗಿ ನೋಡಿತು. ಮತ್ತೆ ಬಂದು ಅದೇ ಜಾಗದಲ್ಲಿ ನಿಂತು ಬೀಸಿತು. ತಿರುಗಿ ತನಗೇನೂ ಸಿಗುವುದಿಲ್ಲ ಅಂತ ಗೊತ್ತಿದ್ದೂ ನಿಂತಿತು. ನೊಣ ಮತ್ತೆ ಅದರ ಕಣ್ಣಿಗೆ ಕವಿದವು.

ಮೊದಲಿನವನು ಎದ್ದ. ಎರಡನೆಯವನು ಹತ್ತಿರ ಸರಿದ. ಇನ್ನು ಮಹಾರುದ್ರಯ್ಯನದೇ ಪಾಳಿ.

ಮೂರು ವರ್ಷ ಕಾದ ಗಳಿಗೆ. ಅಜ್ಜನ ಮುಖ ನೋಡಿದ, ಬೂದ್ಯಾನ ಮುಖ ನೋಡಿದ. ಒಮ್ಮೆಲೇ ಎದ್ದ.

"ಎಲ್ಲಿಗೆ ಹೊಂಟಿ? ಮುಂದಿನಂವ ನೀನ!" ಹಿಂದೆ ಕೂತವನು ಪಂಚೆಯ ಚುಂಗು ಹಿಡಿದು ಎಳೆದ.

ಚುಂಗು ಬಿಡಿಸಿಕೊಂಡು ಮಹಾರುದ್ರಯ್ಯ ಓಡಿದ.

ಗೂಟಕ್ಕೆ ತೂಗುಹಾಕಿದ್ದ ಚಾಮರ ತೆಗೆದುಕೊಂಡ. ಕೆಂಚಿಯ ಹಿಂದೆ, ಬಾಲ ಇರಬೇಕಾದ ಜಾಗದಲ್ಲಿ ನಿಂತ. ಬೂದ್ಯಾನ ಮುಖಕ್ಕೆ ಬೀಸಿದ. ನೊಣಗಳು ಭರ್ರನೆ ಎದ್ದವು. ಬೂದ್ಯಾ ಕಣ್ಣು ಬಿಟ್ಟು ಅವನನ್ನು ನೋಡಿತು, ಮೂಗಿನಿಂದ ಬುಸ್ಸೆಂದು ಉಸಿರು ಬಿಟ್ಟಿತು. ತನ್ನ ಬಾಲವನ್ನು ಇನ್ನೂ ಜೋರಾಗಿ ಬೀಸಿತು.

ಬೂದ್ಯಾ ಒಮ್ಮೆ, ಮಹಾರುದ್ರಯ್ಯ ಒಮ್ಮೆ. ಬೂದ್ಯಾ ಒಮ್ಮೆ, ಮಹಾರುದ್ರಯ್ಯ ಒಮ್ಮೆ. ಸ್ವಲ್ಪ ಹೊತ್ತಿಗೆ ಅದಕ್ಕೊಂದು ತಾಳ ಕೂಡಿತು. ಅವನಿಗೆ ಯಾಕೋ ನಗು ಬಂತು. ಬಾಯಿಬಿಟ್ಟು ನಕ್ಕ.

ಪಡಸಾಲೆಯಲ್ಲಿ ಗಂಟೆ ಮೊಳಗಿತು. ಉಪದೇಶದ ಹೊತ್ತು ಮುಗಿಯಿತು.

ಆಗ ಅವನಿಗೆ ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಎರಡು ಹನಿ ಕೆನ್ನೆಗಿಳಿದವು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬೀಸುತ್ತಲೇ ಇದ್ದ.

ಮಧ್ಯಾಹ್ನ ಹುಸೇನ್‌ಸಾಬ ಮದುವೆಯ ಮಿಠಾಯಿ ಹಿಡಿದು ಬಂದ. ಮಿಠಾಯಿ ಕೆಳಗಿಟ್ಟು ಮೊದಲು ಕೆಂಚಿಯ ರೆಪ್ಪೆ ಬಿಡಿಸಿ ನೋಡಿದ. ಬಲಗಣ್ಣು ನೋಡಿದ, ಎಡಗಣ್ಣು ನೋಡಿದ. ಕೈಯನ್ನು ಎಡಗಣ್ಣಿನ ಮುಂದೆ ಆಡಿಸಿದ. ಕೆಂಚಿ ರೆಪ್ಪೆ ಬಡಿಯಿತು.

"ಅಯ್ಯಾರ! ಕಣ್ಣು ಬಂತು! ನನ್ನ ಮಗಳ ಕಣ್ಣು ಬಂತ್ರಿ!"

ಕೂಗು ಕೇಳಿ ಸಂಕವ್ವ ಕೈಯಲ್ಲಿನ ಹೂರಣ ಸಮೇತ ಓಡಿ ಬಂದಳು. ಅವಳ ಹಿಂದೆ ಕೋಲು ಊರುತ್ತಾ ಅಜ್ಜ ಬಂದರು. ಹುಸೇನ್‌ಸಾಬ ಎಲ್ಲರ ಬಾಯಿಗೂ ಮಿಠಾಯಿ ಇಟ್ಟ, ಕುದುರೆಗಳ ಬಾಯಿಗೂ ಇಟ್ಟ. ಮಹಾರುದ್ರಯ್ಯನನ್ನು ಅಪ್ಪಿಕೊಂಡು ಅತ್ತ.

ಅಪ್ಪುಗೆ ಬಿಡಿಸಿಕೊಂಡು ಮಹಾರುದ್ರಯ್ಯ ಅಜ್ಜನ ಕಡೆ ತಿರುಗಿದ.

"ಅಜ್ಜಾರ, ನಿಮ್ಮ ಮುಂದಿಂದ ಎದ್ದು ಬಂದೆ. ಸಿಟ್ಟು ಬಂತೇನ್ರಿ?"

"ಬೀಸೂದು ಯಾಕ ನಿಲ್ಲಿಸಿದಿ? ಬೂದ್ಯಾನ ಮೂಗಿನ ಮ್ಯಾಲ ಒಂದು ಕುಂತೈತಿ ನೋಡು."

ಮಹಾರುದ್ರಯ್ಯ ಬೀಸಿದ. ನೊಣ ಹಾರಿತು.

"ಹೊತ್ತು ಮೀರಿ ಹೋತ್ರಿ," ಅಂದ ಮೆಲ್ಲಗೆ.

"ಹೌದಪಾ, ಹೋತು."

ಅಜ್ಜ ಸುತ್ತು ಹಾಕಿ ಕೆಂಚಿಯ ಮುಂದೆ ಹೋದರು. ಕೋಲನ್ನು ಗೋಡೆಗೆ ಆನಿಸಿ ಇಟ್ಟರು. ಎರಡೂ ಕೈಯಲ್ಲಿ ಕೆಂಚಿಯ ಮುಖ ಹಿಡಿದು, ಅದರ ಕಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದರು. ಬಹಳ ಹೊತ್ತು ಹೇಳಿದರು. ಕೆಂಚಿ ಕಿವಿ ನಿಮಿರಿಸಿ ಕೇಳಿತು. ಸಂಕವ್ವ, ಹುಸೇನ್‌ಸಾಬ ಕತ್ತು ಚಾಚಿ ನಿಂತರು.

ಹೇಳಿ ಮುಗಿಸಿ ಅಜ್ಜ ಕುದುರೆಗೆ ಕೈ ಮುಗಿದರು.

ಮಹಾರುದ್ರಯ್ಯನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ಮೂರು ವರ್ಷ ಕಿವಿ ತೊಳಕೊಂಡು ಕಾದಂವ ನಾನು. ಮಂತ್ರಾ ಕೆಂಚಿಗೆ ಹೇಳಿಬಿಟ್ರ್ಯಾ?"

"ಮಂತ್ರ ಅಲ್ಲಪಾ ಅದು."

"ಮತ್ತೇನು ಹೇಳಿದ್ರಿ?"

ಅಜ್ಜ ನಾಲ್ಕೂ ಹಲ್ಲು ಕಾಣುವಂತೆ ನಕ್ಕರು.

"ನಿನ್ನ ಶಿಷ್ಯನ್ನ ಇಷ್ಟು ದಿನಾ ನನ್ನ ಶಿಷ್ಯ ಅಂತ ಹೇಳ್ಕೋತ ಬಂದೆ, ತಪ್ಪಾತು ನಮ್ಮವ್ವಾ, ಅಂದೆ."